ಗುತ್ಯಪ್ಪನ ಕಾರು, ನಿರ್ಮಲಮ್ಮನ ವ್ಯಾನು

ಹಿಂದಿನ ಸೀಟಿನ ಮೂಲೆಗೆ ಕೈ ಹಾಕಿ ಕರುಣಾ ರೆಕ್ಸಿನ್ನಿನ ಬಿರುಕು ಹುಡುಕಿದಳು. ಬೆರಳಿಗೆ ಏನೋ ಒರಟಾಗಿ ತಾಗಿತು. ಎಳೆದಾಗ ಕಂದು ಬಣ್ಣದ ತೆಂಗಿನ ನಾರು ಈಚೆ ಬಂತು.

“ಇದೇ ಅಜ್ಜ, ಇದೇ ಕಾರು. ನಮ್ಮವ್ವ ಹೇಳೋದು ಇದನ್ನೇ. ಕೆಂಪು ಸೀಟು, ಹರಿದ ಕಡೆ ನಾರು.”

ಗುತ್ಯಪ್ಪ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದ. ಎಂಬತ್ತಕ್ಕೆ ಎರಡು ಕಡಿಮೆ ಎಂದು ಅವನೇ ಹೇಳಿದ್ದ. ಜಡೆ ಊರಿನಲ್ಲಿ ಮೊದಲು ಬಾಡಿಗೆ ಕಾರು ಇಟ್ಟವನು ಅವನು. ಕಾರು ರಸ್ತೆಗಿಳಿಯದೆ ಎಷ್ಟೋ ವರ್ಷವಾಗಿದ್ದರೂ ಗಾಜಿನ ಮೇಲೆ ಧೂಳಿರಲಿಲ್ಲ. ದಿನವೂ ಯಾರೋ ಒರೆಸುತ್ತಿದ್ದಂತಿತ್ತು.

“ಆಗ ಎಲ್ಲಾ ಅಂಬಾಸಿಡರಿಗೂ ನಾರೇ ಹಾಕ್ತಿದ್ರು ತಂಗಿ,” ಎಂದ. “ನೀ ಯಾರ ಮಗಳು ಅಂದೆ?”

“ಲೈನ್‌ಮನ್ ಬಂಗಾರಪ್ಪನ ಮಗಳು. ನಾನು ಚಿಕ್ಕೋಳಿದ್ದಾಗಲೇ ಅಪ್ಪನಿಗೆ ಶಿಕಾರಿಪುರಕ್ಕೆ ವರ್ಗ ಆಯ್ತು. ಅವ್ವ ಯಮುನಮ್ಮ.”

ಗುತ್ಯಪ್ಪ ಹೆಗಲ ಮೇಲಿನ ಟವೆಲು ತೆಗೆದು ಕಾರಿನ ಬಾನೆಟ್ಟನ್ನು ಒರೆಸತೊಡಗಿದ. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಕರುಣಾ ಶಿಕಾರಿಪುರದಲ್ಲಿ ಗಂಡ ತಿಪ್ಪೇಶನ ಜೊತೆ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ಗಂಡಸರಿಗೆ ಕಲಿಸುವುದು ತಿಪ್ಪೇಶ, ಹೆಂಗಸರಿಗೆ ಅವಳು. ಹೊಸದಾಗಿ ಸೇರಿದವರು ಮೊದಲ ದಿನ ಸ್ಟೇರಿಂಗು ಹಿಡಿದು ಬೆವರುವಾಗ ಅವಳು ತಪ್ಪದೆ ಒಂದು ಕಥೆ ಹೇಳುತ್ತಿದ್ದಳು. ‘ಹೆದರಬೇಡಿ ಕಣ್ರೀ, ನಾನು ಹುಟ್ಟಿದ್ದೇ ಕಾರಲ್ಲಿ. ಜಡೆಯಿಂದ ಸೊರಬದ ಆಸ್ಪತ್ರೆಗೆ ಹೋಗೋ ದಾರೀಲಿ. ಹುಟ್ಟಿದ ಕೂಡಲೇ ಕಂಡಿದ್ದು ಡ್ರೈವರ್ ಬೆನ್ನು.’ ಅವರು ನಗುತ್ತಿದ್ದರು, ಕ್ಲಚ್ಚಿನ ಮೇಲೆ ಬಿಗಿಹಿಡಿದ ಕಾಲು ಸಡಿಲವಾಗುತ್ತಿತ್ತು. ಶಾಲೆಗೆ ಹತ್ತು ವರ್ಷ ತುಂಬುತ್ತಿದ್ದಂತೆ ಅವಳಲ್ಲೊಂದು ಆಸೆ ಮೂಡಿತ್ತು. ಆ ಕಾರು ಎಲ್ಲಾದರೂ ಉಳಿದಿದ್ದರೆ ತಂದು ಶಾಲೆಯ ಮುಂದೆ ನಿಲ್ಲಿಸಬೇಕು, ಅವ್ವನನ್ನು ಕರೆತಂದು ತೋರಿಸಿ ಬೆರಗು ಮಾಡಬೇಕು.

ಅದಕ್ಕೇ ಅವ್ವನಿಗೆ ಹೇಳದೆ ಬಂದಿದ್ದಳು. ಜಡೆಯಲ್ಲಿ ವಿಚಾರಿಸಿದರೆ ಒಬ್ಬರು ಗುತ್ಯಪ್ಪನ ಅಂಬಾಸಿಡರ್ ಎಂದರು, ಇನ್ನೊಬ್ಬರು ಸಿಸ್ಟರ್ ನಿರ್ಮಲಮ್ಮನ ಮನೆಯ ಮಾರುತಿ ವ್ಯಾನು ಎಂದರು. ಆ ಕಾಲಕ್ಕೆ ಊರಲ್ಲಿ ಇದ್ದದ್ದು ಅವೆರಡೇ ವಾಹನ. ಅವ್ವ ವರ್ಷಗಳಿಂದ ಹೇಳುತ್ತಿದ್ದ ಮಾತುಗಳನ್ನೆಲ್ಲ ಕರುಣಾ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದಳು. ಸೀಟು ಕೆಂಪು. ಹರಿದಲ್ಲಿ ನಾರು. ಡ್ರೈವರ್ ಬಹಳ ನಿಧಾನ ಹೊಡೆಯುತ್ತಿದ್ದ. ಬಾಗಿಲು ಜಾರಿಸಿ ತೆಗೆದರು. ಕೆಳಗಿಂದ ಬಿಸಿ ಬರುತ್ತಿತ್ತು.

ಮೊದಲ ಎರಡು ಸರಿಹೊಂದಿದವು. ಕೊನೆಯ ಎರಡು ಹೊಂದಲಿಲ್ಲ. ಅವಳು ಹಿಂದಿನ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿದಳು. ದಪ್ಪ ತಗಡಿನ ಭಾರದ ಬಾಗಿಲು. ಹೊರಕ್ಕೆ ತೆರೆದು ದಡ್ಡೆಂದು ಮುಚ್ಚಿಕೊಳ್ಳುತ್ತಿತ್ತು. ಜಾರುವ ಮಾತೇ ಇಲ್ಲ. ಎಂಜಿನ್ನು ಅಷ್ಟು ಮುಂದೆ ಇದ್ದ ಮೇಲೆ ಹಿಂದೆ ಮಲಗಿದವಳಿಗೆ ಕೆಳಗಿಂದ ಬಿಸಿ ತಾಗುವುದು ಹೇಗೆ?

“ಅಜ್ಜ, ಹೆರಿಗೆ ದಿನ ಕಾರು ಹೊಡೆದಿದ್ದು ನೀವೇ ತಾನೇ?”

“ನನ್ನ ಕಾರಲ್ಲಿ ಯಾರೂ ಹುಟ್ಟಿಲ್ಲ,” ಎಂದ ಗುತ್ಯಪ್ಪ.

“ನಮ್ಮವ್ವ ಇದರಲ್ಲಿ ಕೂತೇ ಇಲ್ವಾ?”

“ಕೂತಿದ್ಲು. ಒಂದೇ ಸಲ. ಹೆರಿಗೆಗಲ್ಲ.”

“ಮತ್ತೆ ಯಾವುದಕ್ಕೆ?”

ಅವನು ಟವೆಲನ್ನು ಜಾಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡ. “ಅದನ್ನ ನಿಮ್ಮವ್ವನ್ನೇ ಕೇಳು. ನಾ ಹೇಳೋದಲ್ಲ. ಕಾರು ಮಾತ್ರ ಕೊಡಾದಿಲ್ಲ ತಂಗಿ. ಸಿಟ್ಟಾಗಬ್ಯಾಡ, ಚಾ ಕುಡಿದು ಹೋಗು.”

ಚಹಾ ಕುಡಿಯುವಷ್ಟು ಹೊತ್ತೂ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅಳತೆ ತೆಗೆಯುವವನ ಹಾಗೆ.

ನಿರ್ಮಲಮ್ಮನ ಮನೆ ಸೊರಬದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಜಡೆಯಲ್ಲಿ ಆರು ವರ್ಷ ನರ್ಸಾಗಿದ್ದು, ಆಮೇಲೆ ಅಲ್ಲಿ ಇಲ್ಲಿ ವರ್ಗವಾಗಿ, ನಿವೃತ್ತಿಯ ನಂತರ ಇಲ್ಲಿ ನೆಲೆಸಿದ್ದರು. ವ್ಯಾನು ಅವರ ಗಂಡ ಮಲ್ಲೇಶಪ್ಪನದು. ಅವರು ತೀರಿಕೊಂಡ ಮೇಲೆ ಅದು ಕಾಂಪೌಂಡಿನೊಳಗೆ ನಿಂತೇ ಇತ್ತು. ಒಳಗೆ ಹಳೆಯ ಪೇಪರಿನ ಕಟ್ಟು, ಒಂದು ಮುರಿದ ಮಿಕ್ಸಿ, ಮೇಲೆ ಸಂಡಿಗೆ ಒಣಗಿಸುವ ಚಾಪೆ.

ಅಂಬಾಸಿಡರ್ ನೋಡಿ ಬಂದ ಕಣ್ಣಿಗೆ ಅದು ತಗಡಿನ ಡಬ್ಬಿಯಂತೆ ಕಂಡಿತು. ಮೂಗಿಲ್ಲದ ಚಪ್ಪಟೆ ಮುಖ. ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವ ಮೈ. ಗುತ್ಯಪ್ಪನ ಕಾರಿನಲ್ಲಿ ಗೇರು ಸ್ಟೇರಿಂಗಿನ ಪಕ್ಕದಲ್ಲಿತ್ತು, ಇಲ್ಲಿ ನೆಲದಿಂದ ಎದ್ದಿತ್ತು. ಅಲ್ಲಿ ನಾರು, ಇಲ್ಲಿ ಪುಡಿಪುಡಿಯಾದ ಸ್ಪಂಜು. ಸೀಟು ಕೆಂಪಲ್ಲ, ಬೂದಿ ಬಣ್ಣ. ಆದರೆ ಪಕ್ಕದ ಬಾಗಿಲಿನ ಹಿಡಿ ಹಿಡಿದು ಎಳೆದಾಗ ಅದು ಕರಕರ ಎಂದು ಹಿಂದಕ್ಕೆ ಜಾರಿತು. ಎಂಜಿನ್ನು ಇದ್ದದ್ದು ಮುಂದಿನ ಸೀಟಿನ ಕೆಳಗೆ. ನಾಲ್ಕು ಮೈಲಿ ಓಡಿದರೆ ಸಾಕು, ನೆಲವೆಲ್ಲ ಕಾದ ಹೆಂಚಾಗುತ್ತದೆಂದು ಅವಳಿಗೆ ಗೊತ್ತಿತ್ತು.

“ನೀವೇ ಯಮುನಮ್ಮನ ಮಗಳಾ!” ನಿರ್ಮಲಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. “ಇದೇ ವ್ಯಾನಲ್ಲಿ ಕಣ್ರೀ ನೀವು ಹುಟ್ಟಿದ್ದು. ನಾನೇ ಹಿಡ್ಕೊಂಡಿದ್ದು. ಸೊರಬ ಇನ್ನೂ ಮೂರು ಮೈಲಿ ಇತ್ತು. ಈ ನೆಲದ ಮೇಲೆ ಮಂಡಿ ಊರಿದ್ದೆ, ಎರಡೂ ಮಂಡಿ ಬೊಬ್ಬೆ ಬಂದಿತ್ತು. ನಮ್ಮನೆಯವರು ಬಾಗಿಲು ಎಳೆದು, ತಮ್ಮ ಪಂಚೆ ಅಡ್ಡ ಹಿಡ್ಕೊಂಡು, ರಸ್ತೆ ಕಡೆ ಮುಖ ಮಾಡಿ ನಿಂತಿದ್ರು. ಪಾಪ, ಅವರೇ ನಡುಗ್ತಿದ್ರು.”

ಕರುಣಾಳ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆಗೆ ಹೀಗೆ ನೆಲ, ಬಾಗಿಲು, ಮಂಡಿ ಎಲ್ಲ ಸಿಕ್ಕಿತ್ತಲ್ಲ. ಕೆಂಪು ಸೀಟನ್ನು ಅವ್ವ ಬೇರೆ ಯಾವುದೋ ಪ್ರಯಾಣದ ಜೊತೆ ಕಲಸಿಕೊಂಡಿರಬೇಕು.

“ಆಗಷ್ಟೇ ತಗೊಂಡಿದ್ದು ವ್ಯಾನು. ಎರಡು ತಿಂಗಳೂ ಆಗಿರಲಿಲ್ಲ,” ನಿರ್ಮಲಮ್ಮ ಒಳಗೆ ಹೋಗಿ ಆರ್‌ಸಿ ಪುಸ್ತಕ ತಂದರು. ಮಡಿಕೆಗಳಲ್ಲಿ ಹರಿದ ಪುಸ್ತಕವನ್ನು ಕರುಣಾ ಅಭ್ಯಾಸಬಲದಿಂದ ಬಿಡಿಸಿ ನೋಡಿದಳು. ನಂಬರು ಕೆಎ ೧೪ರದು. ನೋಂದಣಿ ಮಾರ್ಚ್ ೧೯೯೧.

“ಇದು ತೊಂಬತ್ತೊಂದರದ್ದು ಸಿಸ್ಟರ್,” ಎಂದಳು. “ನಾನು ಹುಟ್ಟಿದ್ದು ಎಂಬತ್ತೆಂಟು ನವೆಂಬರ್.”

“ಯಾರು ಹೇಳಿದ್ದು? ಮೇ ತಿಂಗಳು ಕಣ್ರೀ. ಸೆಕೆ ಅಂದ್ರೆ ಸೆಕೆ.”

“ಸರ್ಟಿಫಿಕೇಟ್ ಇದೆ. ಇದೇ ಸೊರಬದ ಆಸ್ಪತ್ರೆದು. ಹಾಗಾದ್ರೆ ನೀವು ಹೇಳ್ತಿರೋದು ಬೇರೆ ಯಾರದೋ ಹೆರಿಗೆ.”

“ಲೈನ್‌ಮನ್ ಬಂಗಾರಪ್ಪನ ಹೆಂಡ್ತಿ ಯಮುನಮ್ಮ. ಎಡಗಡೆ ಹುಬ್ಬಿನ ಮೇಲೆ ಕಲೆ. ನಾನು ಮರೀತೀನಾ? ಹೆರಿಗೆ ಬೇಗ ಆಗೋಯ್ತು. ಎರಡನೇದು ಅಲ್ವಾ, ಹಾಗಾಗಿ…”

ನಿರ್ಮಲಮ್ಮ ಅಲ್ಲಿಗೇ ನಿಲ್ಲಿಸಿದರು. ಕರುಣಾ ಅವ್ವನಿಗೆ ಒಬ್ಬಳೇ ಮಗಳು. ಹಾಗೆಂದೇ ಅವಳು ಮೂವತ್ತಾರು ವರ್ಷ ನಂಬಿದ್ದಳು.

“ಎರಡನೇದಾ?”

“ನಿಮ್ಮಮ್ಮ ಹೇಳಿಲ್ವಾ?” ನಿರ್ಮಲಮ್ಮನ ದನಿ ತಗ್ಗಿತು. “ಮೊದಲು ಒಂದು ಹೆಣ್ಣು ಮಗು ಇತ್ತು. ಹತ್ತು ತಿಂಗಳಿಗೆ ಹೋಯ್ತು. ನಾನು ಜಡೆಗೆ ಬರೋಕೆ ಮುಂಚೆ. ಅಯ್ಯೋ, ನಾನು ಸುಮ್ಮನೆ ಬಾಯಿ ಬಿಟ್ಟೆ.”

ಹಿಂದಿರುಗುವಾಗ ಕರುಣಾ ಶಿರಾಳಕೊಪ್ಪದ ಹತ್ತಿರ ಮೂರನೇ ಗೇರಿಗೆ ಹಾಕಲು ಹೋಗಿ ಒಂದನೇ ಗೇರಿಗೆ ಹಾಕಿದಳು. ಕಾರು ಮುಗ್ಗರಿಸಿ ನಿಂತಿತು. ಹಿಂದೆ ಬರುತ್ತಿದ್ದ ಟಿಪ್ಪರಿನವನು ಹಾರ್ನ್ ಹೊಡೆದು, ಕಾರಿನ ಮೇಲಿನ ಡ್ರೈವಿಂಗ್ ಶಾಲೆಯ ಬೋರ್ಡು ನೋಡಿ, ಕಲಿಯುವವಳೆಂದು ತಿಳಿದು ಸುಮ್ಮನೆ ಪಕ್ಕದಲ್ಲಿ ದಾಟಿಕೊಂಡು ಹೋದ. ಚಿಕ್ಕಂದಿನ ಶಾಲೆಯಲ್ಲಿ ತಾನು ಯಾವಾಗಲೂ ಸಾಲಿನ ಮೊದಲ ತುದಿಯಲ್ಲಿ ನಿಲ್ಲುತ್ತಿದ್ದದ್ದು ಅವಳಿಗೆ ನೆನಪಾಯಿತು. ಎಲ್ಲರಿಗಿಂತ ಗಿಡ್ಡ. ಹಾಜರಿ ಪುಸ್ತಕದ ಪ್ರಕಾರ ಎಲ್ಲರಿಗಿಂತ ದೊಡ್ಡವಳು. ಮೇಷ್ಟ್ರು ತಮಾಷೆ ಮಾಡುತ್ತಿದ್ದರು.

ಮನೆಯಲ್ಲಿ ಯಮುನಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕರುಣಾ ಚಪ್ಪಲಿಯನ್ನೂ ಬಿಡದೆ ಮುಂದೆ ನಿಂತಳು.

“ಅವ್ವ, ಜಡೆಗೆ ಹೋಗಿದ್ದೆ. ನಾನು ಹುಟ್ಟಿದ ಕಾರು ಹುಡುಕ್ಕೊಂಡು. ಎರಡು ಸಿಕ್ಕವು.”

ಯಮುನಮ್ಮನ ಕೈ ನಿಂತಿತು. “ಎರಡಾ?”

“ಸಿಸ್ಟರ್ ವ್ಯಾನು ಇನ್ನೂ ಐತೆ. ಗುತ್ಯಪ್ಪಜ್ಜನ ಕಾರೂ ಐತೆ.”

“ಗುತ್ಯಣ್ಣನ ಕಾರು ಇನ್ನೂ ಐತಾ?” ಅವ್ವ ಕೇಳಿದ್ದು ಅದೊಂದನ್ನೇ. ಮಡಿಲಲ್ಲಿದ್ದ ಕಾಳುಗಳು ನೆಲಕ್ಕೆ ಚೆಲ್ಲಿದವು. ಅವಳು ಬಾಗಿ ಒಂದೊಂದೇ ಆರಿಸತೊಡಗಿದಳು. ಕರುಣಾ ಕೂತು ಅವಳ ಮಣಿಕಟ್ಟು ಹಿಡಿದಳು.

“ನಾನು ಹುಟ್ಟಿದ್ದು ಯಾವಾಗ ಅವ್ವ?”

“ತೊಂಬತ್ತೊಂದು. ಬಸವ ಜಯಂತಿ ಆದ ವಾರ.”

“ಎಂಬತ್ತೆಂಟರ ಸರ್ಟಿಫಿಕೇಟ್?”

“ನಿನ್ನ ಸ್ಕೂಲಿಗೆ ಸೇರ್ಸಾಕೆ ನಿಮ್ಮಪ್ಪ ಟ್ರಂಕೆಲ್ಲ ಹುಡುಕಿದ್ರು. ಇದ್ದಿದ್ದು ಅದೊಂದೇ ಕಾಗದ. ವ್ಯಾನಲ್ಲಿ ಹುಟ್ಟಿದ್ದನ್ನ ಎಲ್ಲೂ ಬರೆಸಿರಲಿಲ್ಲ. ಆಸ್ಪತ್ರೆಗೇ ಹೋಗ್ಲಿಲ್ಲ, ಅಲ್ಲಿಂದಾನೇ ತಿರುಗ್ಸಿ ಮನೆಗೆ ಬಂದಿದ್ವಿ. ಹೆಸರು ಹೆಂಗೂ ಒಂದೇ ಇತ್ತಲ್ಲ, ನಿಮ್ಮಪ್ಪ ಅದನ್ನೇ ಕೊಟ್ರು.”

“ಹೆಸರು ಒಂದೇನಾ?”

“ನಾನೇ ಇಟ್ಟಿದ್ದು,” ಎಂದಳು ಯಮುನಮ್ಮ. “ಎರಡು ಸಲಾನೂ.”

ಕರುಣಾಳಿಗೆ ಸಿಟ್ಟು ಬರಬೇಕಿತ್ತು ಅನಿಸಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ದಿನಕ್ಕೆ ಹತ್ತು ಜನರ ಅರ್ಜಿಯಲ್ಲಿ ಹುಟ್ಟಿದ ದಿನಾಂಕ ತುಂಬಿಸುವ ಕೈ ಅವಳದು. ಒಂದು ಅಂಕಿ ತಪ್ಪಿದರೆ ಅರ್ಜಿ ವಾಪಸು ಬರುತ್ತದೆಂದು ಬೈಯುತ್ತಿದ್ದಳು. ಈಗ ಪರ್ಸಿನಿಂದ ತನ್ನ ಲೈಸೆನ್ಸ್ ತೆಗೆದು ನೋಡಿದಳು. ಫೋಟೋ ತನ್ನದು, ಸಹಿ ತನ್ನದು, ನಡುವೆ ಇದ್ದ ದಿನಾಂಕ ಬೇರೊಬ್ಬಳದು. ಆ ದಿನಾಂಕಕ್ಕೆ ಪ್ರತಿ ವರ್ಷ ಹೊಸ ಸೀರೆ ಉಟ್ಟಿದ್ದಳು, ಕೇಕು ಕತ್ತರಿಸಿದ್ದಳು. ಅವ್ವ ಅವತ್ತೆಲ್ಲ ಬೆಳಿಗ್ಗೆಯೇ ತಲೆನೋವೆಂದು ಮಲಗುತ್ತಿದ್ದಳು.

ತಿಪ್ಪೇಶ ಬಂದವನು ಎಲ್ಲ ಕೇಳಿ, ಹೆಂಡತಿಯ ಮುಖ ನೋಡಿ, “ಹಂಗಾದ್ರೆ ನಿಂಗೆ ಮೂವತ್ಮೂರೇನಾ? ನಂಗೆ ಮುದುಕ ಅಂತಾರೆ ಇನ್ನು,” ಎಂದ. ಯಾರೂ ನಗಲಿಲ್ಲ. ಅವನೇ ಎದ್ದು ಅವರೆಕಾಳಿನ ಬುಟ್ಟಿ ಒಳಗಿಟ್ಟ.

ಬೆಳಿಗ್ಗೆ ಕರುಣಾ ಏಳುವಷ್ಟರಲ್ಲಿ ಯಮುನಮ್ಮ ತಲೆ ಬಾಚಿ, ಹಸಿರು ಸೀರೆ ಉಟ್ಟು ಕಾರಿನ ಪಕ್ಕ ನಿಂತಿದ್ದಳು. “ಜಡೆಗೆ ಹೋಗಾಣ. ಗುತ್ಯಣ್ಣನ ಕಾರು ನೋಡ್ಬೇಕು,” ಎಂದಳು. ಗಂಡ ತೀರಿಕೊಂಡ ಆರು ವರ್ಷಗಳಲ್ಲಿ ಅವಳಾಗಿಯೇ ಎಲ್ಲಿಗೂ ಹೊರಟಿರಲಿಲ್ಲ.

ಸೊರಬ ದಾಟಿದ ಮೇಲೆ ಒಮ್ಮೆ, “ಮಗೂಗೆ ಜ್ವರ ಬಿಡ್ಲಿಲ್ಲ. ಸೊರಬದಲ್ಲಿ ಡಾಕ್ಟ್ರು ನೋಡಿ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಅಂದ್ರು,” ಎಂದಳು. ಅಷ್ಟೇ.

ಗುತ್ಯಪ್ಪ ಶೆಡ್ಡಿನ ಮುಂದೆಯೇ ಇದ್ದ. ಯಮುನಮ್ಮ ಇಳಿದದ್ದು ಕಂಡು ಎದ್ದು ನಿಂತ. ಇಬ್ಬರೂ ನಮಸ್ಕಾರ ಹೇಳಲಿಲ್ಲ. ಅವನೇ ಹೋಗಿ ಕಾರಿನ ಹಿಂದಿನ ಎಡಬಾಗಿಲು ತೆರೆದು ಹಿಡಿದ. ಅವಳು ಹತ್ತಿ ಕೂತಳು. ಕೈಗಳು ತಾವಾಗಿಯೇ ಮಡಿಲಿಗೆ ಹೋಗಿ, ಏನನ್ನೋ ಹಿಡಿದಂತೆ ಸ್ವಲ್ಪ ಎತ್ತರದಲ್ಲಿ ನಿಂತವು. ಕರುಣಾ ನೋಡಲಾರದೆ ಮುಖ ತಿರುಗಿಸಿದಳು. ಬಾಗಿಲಾಚೆ ರಸ್ತೆಯಲ್ಲಿ ಶಾಲೆಗೆ ಹೊರಟ ಹೆಣ್ಣುಮಕ್ಕಳು ಸೈಕಲ್ಲಿನಲ್ಲಿ ಹೋಗುತ್ತಿದ್ದರು.

“ಯಮುನಮ್ಮ,” ಗುತ್ಯಪ್ಪ ಕಾರಿನ ಹೊರಗೇ ನಿಂತು ಮಾತಾಡಿದ. “ಒಂದು ಮಾತು ಐತೆ. ಅವತ್ತಿಂದ ಐತೆ. ನಾನು ಅವತ್ತು ನಿಧಾನ ಹೊಡೆದೆ. ರಸ್ತೆ ಹಾಳಾಗಿತ್ತು, ಮಗೂಗೆ ಕುಲುಕು ಆಗ್ತದೆ ಅಂತ ನಿಧಾನ ಹೊಡೆದೆ. ಶಿಕಾರಿಪುರದ ಕೆರೆ ಏರಿ ಮ್ಯಾಲೆ ಬಂಗಾರಪ್ಪ ಹಿಂದೆ ತಿರುಗಿ ನೋಡಿ ‘ಗಾಡಿ ನಿಲ್ಸು’ ಅಂದ. ಜೋರು ಹೊಡೆದಿದ್ರೆ ಅಷ್ಟೊತ್ತಿಗೆ ಶಿವಮೊಗ್ಗದಲ್ಲಿ ಇರ್ತಿದ್ವಿ. ಮೂವತ್ತೈದು ವರ್ಷ ಆತು. ಎಷ್ಟೋ ಜನ ಗಾಡಿ ಕೇಳಿದ್ರು. ಕೊಡಾಕೂ ಆಗ್ಲಿಲ್ಲ, ಇದರಲ್ಲಿ ಕೂರಾಕೂ ಆಗ್ಲಿಲ್ಲ.”

ಯಮುನಮ್ಮ ಎತ್ತಿ ಹಿಡಿದಿದ್ದ ಕೈಗಳನ್ನು ಮಡಿಲಿಗೆ ಇಳಿಸಿದಳು.

“ಇಲ್ಲ ಗುತ್ಯಣ್ಣ,” ಎಂದಳು. “ಮಗು ಸೊರಬ ಬಿಟ್ಟು ಸ್ವಲ್ಪ ದೂರಕ್ಕೇ ಹೋಗಿತ್ತು.”

“ಏನಂದೆ?”

“ಕೈಯಲ್ಲಿ ಗೊತ್ತಾತು ನಂಗೆ. ಹೇಳ್ಲಿಲ್ಲ. ಹೇಳಿದ್ರೆ ನೀನು ಗಾಡಿ ತಿರುಗಿಸ್ತಿದ್ದೆ. ತಿರುಗಿಸಿದ ಮ್ಯಾಲೆ ಅದು ಮಗು ಅಲ್ಲ, ಮಣ್ಣಿಗೆ ಇಡಾದು. ಇನ್ನೊಂಚೂರು ದೂರ ಹೋಗ್ಲಿ ಅಂತ ಸುಮ್ಮನೆ ಕೂತೆ. ನೀನು ನಿಧಾನ ಹೊಡೀತಿದ್ದೆ. ಇನ್ನೂ ನಿಧಾನ ಹೊಡೀಲಿ ಅಂತಿದ್ದೆ ನಾನು. ಇವರಪ್ಪಂಗೂ ಹೇಳ್ಲಿಲ್ಲ, ಅವರು ಸಾಯಾವರೆಗೂ.”

ಗುತ್ಯಪ್ಪ ಕಾರಿನ ಮಡ್‌ಗಾರ್ಡಿಗೆ ಕೈ ಊರಿ ಹಾಗೆಯೇ ಕುಕ್ಕರಿಸಿದ. ಅಳುತ್ತಿದ್ದನೋ ಉಸಿರು ಬಿಡುತ್ತಿದ್ದನೋ ತಿಳಿಯಲಿಲ್ಲ. “ಮೊದಲೇ ಹೇಳಬಾರದಿತ್ತಾ ತಾಯಿ,” ಎಂದ. ದನಿಯಲ್ಲಿ ದೂರಿರಲಿಲ್ಲ. ಆಮೇಲೆ ಕರುಣಾಳ ಕಡೆ ತಿರುಗಿ, “ನಿಂಗೆ ಬೇಕಾದ್ರೆ ಗಾಡಿ ತಗೊಂಡು ಹೋಗು ತಂಗಿ. ಬ್ಯಾಡ ಅಂದ್ರೆ ಗುಜರಿಯವರಿಗೆ ಕೊಡ್ತೀನಿ. ಇನ್ನು ಕೊಡಬೌದು,” ಎಂದ.

ಕರುಣಾ ಕಾರಿನ ಕಡೆ ನೋಡಿದಳು. ಶಾಲೆಯ ಮುಂದೆ ಯಾವುದನ್ನು ನಿಲ್ಲಿಸುವುದು? ತಾನು ಹುಟ್ಟಿದ ವ್ಯಾನನ್ನೋ, ತನ್ನ ಹೆಸರು ಮೊದಲು ಹೊತ್ತವಳು ತೀರಿಕೊಂಡ ಕಾರನ್ನೋ? ಹೊಸ ಕಲಿಯುವವರಿಗೆ ಇನ್ನು ಯಾವ ಕಥೆ ಹೇಳುವುದು? ಅವ್ವ ಇಷ್ಟು ವರ್ಷ ಎರಡನ್ನೂ ಕಲಸಿ ಹೇಳುತ್ತಿದ್ದದ್ದು ಮರೆವಿನಿಂದಲ್ಲ ಎಂದು ಈಗ ತೋರಿತು. ಆದರೆ ಅದೂ ನಿಜವೋ ಅಲ್ಲವೋ.

“ನಮ್ಮ ಹೊಲದ ಹತ್ರ ಹೋಗಾಣ,” ಎಂದು ಯಮುನಮ್ಮ ಕಾರಿನಿಂದ ಇಳಿದಳು.

ಹೊಲ ಮಾರಿ ಎಷ್ಟೋ ವರ್ಷವಾಗಿತ್ತು. ಮಗುವನ್ನು ಅದರ ಬದುವಿನ ಪಕ್ಕದಲ್ಲಿ ಮಣ್ಣು ಮಾಡಿದ್ದರಂತೆ. ಈಗ ಅಲ್ಲಿ ಬದುವಿರಲಿಲ್ಲ. ರಸ್ತೆಯ ಅಂಚಿನವರೆಗೂ ಸಿಮೆಂಟಿನ ಕಣ ಮಾಡಿ, ಅದರ ತುಂಬ ಮೆಕ್ಕೆಜೋಳ ಹರವಿದ್ದರು. ಬಿಸಿಲಿಗೆ ಕಣ್ಣು ಕುಕ್ಕುವ ಹಳದಿ. ಹಾಲಮ್ಮ ಎಂಬ ಹೆಂಗಸು ತಲೆಗೆ ಬಟ್ಟೆ ಕಟ್ಟಿಕೊಂಡು, ಪಾದವನ್ನು ನೆಲಕ್ಕೆ ಒತ್ತಿ ಎಳೆಯುತ್ತ ಕಾಳು ಮಗುಚುತ್ತಿದ್ದಳು. ಅವಳು ನಡೆದಲ್ಲೆಲ್ಲ ಸಾಲು ಬೀಳುತ್ತಿತ್ತು.

“ಯಾರು ಬೇಕಾಗಿತ್ರೀ?” ಎಂದು ಕೇಳಿದಳು.

“ಯಾರೂ ಇಲ್ಲವ್ವ,” ಎಂದಳು ಯಮುನಮ್ಮ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಣಕ್ಕೆ ಇಳಿದಳು. ಆ ತುದಿಯಿಂದ ಪಾದ ಎಳೆಯುತ್ತ ಕಾಳು ಮಗುಚತೊಡಗಿದಳು.

“ಅಯ್ಯೋ ಬಿಡ್ರೀ ಅಮ್ಮ, ನಾ ಮಾಡ್ತೀನಿ, ಕಾಲು ಸುಡ್ತದೆ,” ಎಂದಳು ಹಾಲಮ್ಮ. ಯಮುನಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಹಾಲಮ್ಮ ಕರುಣಾಳ ಕಡೆ ನೋಡಿದಳು.

ಅವ್ವ ಬೆನ್ನು ಬಾಗಿಸಿ, ತಲೆ ತಗ್ಗಿಸಿ, ನಿಧಾನವಾಗಿ ನಡೆಯುತ್ತಿದ್ದಳು. ಹಿಂದೆ ಎರಡು ಸಾಲು ನೆಟ್ಟಗೆ ಬೀಳುತ್ತ ಹೋದವು. ಕಣದ ನಡುಮಧ್ಯ ದಾಟಿದ ಮೇಲೆ, ಉಳಿದ ಕಡೆಗಿಂತ ಏನೂ ಬೇರೆಯಾಗಿರದ ಒಂದು ಜಾಗದಲ್ಲಿ, ಅವಳ ಕಾಲು ಪಕ್ಕಕ್ಕೆ ಸರಿಯಿತು. ಸಾಲುಗಳು ಅಲ್ಲಿ ಚಿಕ್ಕದಾಗಿ ಬಾಗಿ, ಒಂದು ಮೊಳದಷ್ಟು ಜಾಗವನ್ನು ಸುತ್ತಿಕೊಂಡು, ಮತ್ತೆ ನೆಟ್ಟಗಾಗಿ ಮುಂದಕ್ಕೆ ಹೋದವು.